ಹಳೇ ಯೂಸರ್ ಅಕೌಂಟ್‌ಗೆ ಅಂಟಿಕೊಂಡ ಆಫೀಸ್ ಲ್ಯಾಪ್‌ಟಾಪ್: ಐದು ನಿಮಿಷದಲ್ಲಿ ಲಾಕ್ ತೆಗೆಯಬಹುದೇ?

“ಕಂಪನಿ ಲ್ಯಾಪ್‌ಟಾಪ್ ಲಾಕ್ ಆಗಿದೆಯೇ? ಈ ಟ್ರಿಕ್ ಮಾಡಿ, ಐದೇ ನಿಮಿಷದಲ್ಲಿ ಓಪನ್. ಎಲ್ಲರಿಗೂ ಶೇರ್ ಮಾಡಿ” ಎಂಬ ಧಾಟಿಯ ಸಂದೇಶಗಳು, ಅರ್ಧ ನಿಮಿಷದ ವಿಡಿಯೋಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ತಲೆ ಎತ್ತುತ್ತವೆ. ಒಂದರಲ್ಲಿ ಫಾರ್ಮ್ಯಾಟ್ ಮಾಡಿಸಿದರೆ ಸಾಕು ಎನ್ನುತ್ತಾರೆ. ಇನ್ನೊಂದರಲ್ಲಿ ಒಳಗಿನ ಪುಟ್ಟ ಬ್ಯಾಟರಿ ಕಿತ್ತು ಮತ್ತೆ ಹಾಕಿ ಎನ್ನುತ್ತಾರೆ. ಮತ್ತೊಂದರಲ್ಲಿ ‘ಮಾಸ್ಟರ್ ಕೀ’ ಎಂದು ಉದ್ದನೆಯ ಸಂಖ್ಯೆಯನ್ನೇ ಕೊಟ್ಟಿರುತ್ತಾರೆ.

ಇದರಲ್ಲಿ ನಿಜ ಎಷ್ಟು? ಚಿಕ್ಕ ಉತ್ತರ ಇಷ್ಟು: ಲ್ಯಾಪ್‌ಟಾಪ್‌ಗೆ ಬೀಳುವ ಬೀಗ ಒಂದೇ ಬಗೆಯದಲ್ಲ. ಕೆಲವು ಬೀಗ ಯಂತ್ರದ ಒಳಗಿರುತ್ತವೆ, ಅವು ಫಾರ್ಮ್ಯಾಟ್ ಮಾಡಿದರೆ ಹೋಗುತ್ತವೆ. ಆದರೆ ಕಂಪನಿಗಳು ಈಗ ಹಾಕುವ ಬೀಗ ಯಂತ್ರದ ಒಳಗೇ ಇರುವುದಿಲ್ಲ, ದೂರದ ಸರ್ವರ್‌ನಲ್ಲಿರುತ್ತದೆ. ಅದನ್ನು ಹಾಕಿದವರೇ ತೆಗೆಯಬೇಕು.

ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗದ ನಾಲ್ಕು ತಾಲ್ಲೂಕುಗಳನ್ನು, ಅಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲವನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇವೆ. ಒಂದು ಪಕ್ಕದಲ್ಲಿ ಬೆಂಗಳೂರು, ಇನ್ನೊಂದು ಪಕ್ಕದಲ್ಲಿ ಮೈಸೂರು ಇರುವ ಈ ಊರುಗಳಿಗೆ ಕಂಪನಿ ಲ್ಯಾಪ್‌ಟಾಪ್ ಹಲವು ದಾರಿಗಳಲ್ಲಿ ಬರುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಅದನ್ನು ಹೆಗಲಿಗೆ ಹಾಕಿಕೊಂಡು ಊರಿಗೆ ಬಂದವರಿದ್ದಾರೆ. ಮಗಳ ಬಿಸಿಎ ಓದಿಗೆಂದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಮೈಸೂರಿನ ಅಂಗಡಿಯಲ್ಲೋ ಸೆಕೆಂಡ್ ಹ್ಯಾಂಡ್ ಕೊಂಡು ತಂದವರಿದ್ದಾರೆ. ಸೊಸೈಟಿ, ಪಂಚಾಯಿತಿ, ಶಾಲೆಗಳಲ್ಲಿ ಹಿಂದಿನವರಿಂದ ಚಾರ್ಜ್ ತೆಗೆದುಕೊಂಡವರಿದ್ದಾರೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಲ್ಲಿಸಿದೆ. ಹಾಗಾಗಿ ಕಂಪನಿಗಳು ಕಳಚಿಕೊಳ್ಳುತ್ತಿರುವ ಹಳೆ ಯಂತ್ರಗಳು ಮಾರುಕಟ್ಟೆಗೆ ಬರುವುದು ಸಹಜ. ಹದಿನೈದು ಇಪ್ಪತ್ತು ಸಾವಿರ ಎಣಿಸಿ ತಂದ ಮೇಲೆ ಪರದೆಯ ಮೇಲೆ ಯಾವುದೋ ಕಂಪನಿಯ ಹೆಸರು ಕಂಡರೆ ಏನು ಮಾಡುವುದು?

ಮೊದಲು ಪರದೆಯನ್ನು ಸರಿಯಾಗಿ ಓದಿ

ಲಾಕ್ ಆಗಿದೆ ಎಂದು ಅಂಗಡಿಗೆ ಓಡುವ ಮುನ್ನ ಪರದೆಯ ಮೇಲೆ ಏನು ಬರೆದಿದೆ ಎಂದು ನೋಡಿ, ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಯಾವ ಬೀಗ ಎಂಬುದು ಅಲ್ಲೇ ಗೊತ್ತಾಗುತ್ತದೆ.

ವಿಂಡೋಸ್ ತೆರೆದುಕೊಂಡು ಹಳಬರ ಹೆಸರು ತೋರಿಸಿ ಪಾಸ್‌ವರ್ಡ್ ಅಥವಾ ಪಿನ್ ಕೇಳಿದರೆ ಅದು ಬಾಗಿಲ ಚಿಲಕದಂಥದ್ದು. ಹಳಬರು ಸಿಗುವಂತಿದ್ದರೆ ಒಂದು ಫೋನ್ ಮಾಡಿ. ಪಾಸ್‌ವರ್ಡ್ ಹೇಳಿ ಎಂದು ಕೇಳಬೇಡಿ, ಬಂದು ಲಾಗಿನ್ ಆಗಿ ಹೊಸ ಅಕೌಂಟ್ ಮಾಡಿಕೊಟ್ಟು ತಮ್ಮದನ್ನು ತೆಗೆದುಹಾಕಲು ಕೇಳಿ. ಯಂತ್ರ ನಿಮ್ಮದೇ ಆಗಿದ್ದು ಪಾಸ್‌ವರ್ಡ್ ಮಾತ್ರ ಮರೆತಿದ್ದರೆ, ಮೈಕ್ರೋಸಾಫ್ಟ್ ಅಕೌಂಟ್‌ನ ಪಾಸ್‌ವರ್ಡನ್ನು ನಿಮ್ಮ ಮೊಬೈಲ್ ನಂಬರ್ ಅಥವಾ ಇಮೇಲ್ ಮೂಲಕ ಯಾವುದೇ ಫೋನಿನಿಂದ ಬದಲಿಸಿಕೊಳ್ಳಬಹುದು. ಇಂಥ ಯಂತ್ರವನ್ನು ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಿದರೆ ಹಳಬರ ಹೆಸರೂ ಹೋಗುತ್ತದೆ, ಕಡತಗಳೂ ಹೋಗುತ್ತವೆ. ಫಾರ್ವರ್ಡ್‌ಗಳಲ್ಲಿ ಹೇಳುವ ‘ಫಾರ್ಮ್ಯಾಟ್ ಟ್ರಿಕ್’ ನಿಜವಾಗುವುದು ಇಲ್ಲಿ. ಅದನ್ನೇ ಎಲ್ಲ ಬೀಗಗಳಿಗೂ ಅನ್ವಯಿಸಿ ಹೇಳುವುದು ತಪ್ಪು.

ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳಿದರೆ ಅದು ಬಿಟ್‌ಲಾಕರ್. ಇಲ್ಲಿ ಲಾಕ್ ಆಗಿರುವುದು ಬಾಗಿಲಲ್ಲ, ಡಿಸ್ಕ್‌ನಲ್ಲಿರುವ ಮಾಹಿತಿಯೇ ಗೂಢಲಿಪಿಯಾಗಿ ಬದಲಾಗಿರುತ್ತದೆ. ಚೆನ್ನಾಗಿಯೇ ಓಡುತ್ತಿದ್ದ ಲ್ಯಾಪ್‌ಟಾಪ್ ಬಯೋಸ್ ಅಪ್‌ಡೇಟ್ ಆದ ಮೇಲೆ ಅಥವಾ ಮದರ್‌ಬೋರ್ಡ್ ರಿಪೇರಿಯಾಗಿ ಬಂದ ಮೇಲೆ ಇದನ್ನು ಕೇಳುವುದುಂಟು. ‘ವೈರಸ್ ಬಂದಿದೆ’ ಎಂದು ಹೆದರಬೇಕಿಲ್ಲ. ಆ ಯಂತ್ರದಲ್ಲಿ ಮೊದಲು ಯಾರ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಸೆಟಪ್ ಆಯಿತೋ ಸಾಮಾನ್ಯವಾಗಿ ಅವರ ಅಕೌಂಟ್‌ನಲ್ಲಿ ಕೀ ಉಳಿದಿರುತ್ತದೆ. ಕಂಪನಿಯ ಯಂತ್ರವಾದರೆ ಕಂಪನಿಯ ಐಟಿ ವಿಭಾಗದ ಬಳಿ ಇರುತ್ತದೆ. ನೀಲಿ ಪರದೆಯಲ್ಲಿ ಕಾಣುವ ‘ಕೀ ಐಡಿ’ಯ ಮೊದಲ ಎಂಟು ಅಕ್ಷರಗಳನ್ನು ಅವರಿಗೆ ಕಳಿಸಿದರೆ ಹೊಂದುವ ಕೀ ಹುಡುಕಿಕೊಡಬಹುದು. ಕಳೆದುಹೋದ ಕೀಯನ್ನು ಮತ್ತೆ ಸೃಷ್ಟಿಸಿಕೊಡಲು ತಮ್ಮಿಂದ ಆಗುವುದಿಲ್ಲ ಎಂದು ಮೈಕ್ರೋಸಾಫ್ಟ್ ಕಂಪನಿಯೇ ಹೇಳುತ್ತದೆ.

ಇನ್ನು ‘ಮಾಸ್ಟರ್ ಕೀ’ಯ ವಿಷಯ. ಅಂಥದ್ದೊಂದು ಇಲ್ಲ. ಪ್ರತಿ ಯಂತ್ರದ ಪ್ರತಿ ಡ್ರೈವ್‌ಗೂ ಬೇರೆ ಬೇರೆ ಕೀ ಇರುತ್ತದೆ. ನೀವೇ ಮಾಡಬಹುದಾದ ಒಂದು ಪುಟ್ಟ ಪರೀಕ್ಷೆ ಹೇಳುತ್ತೇವೆ. ನಿಜವಾದ ಬಿಟ್‌ಲಾಕರ್ ಕೀಯಲ್ಲಿ ಆರಾರು ಅಂಕಿಗಳ ಎಂಟು ಗುಂಪುಗಳಿರುತ್ತವೆ, ಪ್ರತಿ ಗುಂಪೂ 11ರಿಂದ ಶೇಷವಿಲ್ಲದೆ ಭಾಗವಾಗಬೇಕು. ಫಾರ್ವರ್ಡ್‌ನಲ್ಲಿ ಬಂದ ಸಂಖ್ಯೆಯನ್ನು ಫೋನಿನ ಕ್ಯಾಲ್ಕುಲೇಟರ್‌ಗೆ ಹಾಕಿ ನೋಡಿ. ಭಾಗವಾಗದಿದ್ದರೆ ಅದು ಕೀಯೇ ಅಲ್ಲ. ಭಾಗವಾದರೂ ಅದು ಬೇರೆ ಯಾರದೋ ಯಂತ್ರದ್ದಿರಬಹುದು, ನಿಮ್ಮದನ್ನು ತೆರೆಯುವುದಿಲ್ಲ. ಊಹಿಸಿ ಹೊಡೆಯೋಣ ಎಂದರೆ ಸಾಧ್ಯತೆಗಳ ಸಂಖ್ಯೆ 3ರ ಮುಂದೆ 38 ಸೊನ್ನೆ ಹಾಕಿದಷ್ಟು.

ಈ ಕೀಯ ಬೆಲೆ ಏನೆಂದು ಇಡೀ ಜಗತ್ತಿಗೆ ಗೊತ್ತಾಗಿದ್ದು 2024ರ ಜುಲೈ 19ರಂದು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರ್‌ನ ತಪ್ಪು ಅಪ್‌ಡೇಟ್‌ನಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು. ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಚೆಕ್‌ಇನ್‌ಗೆ ಅಡಚಣೆಯಾಯಿತು. ರಿಪೇರಿ ಸರಳವಾಗಿತ್ತು, ಒಂದು ಕಡತ ಅಳಿಸಿದರೆ ಸಾಕಿತ್ತು. ಆದರೆ ಬಿಟ್‌ಲಾಕರ್ ಇದ್ದ ಯಂತ್ರಗಳಲ್ಲಿ ಅಷ್ಟು ಮಾಡಲೂ ಮೊದಲು 48 ಅಂಕಿ ಬೇಕಾಗಿತ್ತು. ಯಂತ್ರದ ಮಾಲೀಕರೇ ತಮ್ಮ ಯಂತ್ರದೆದುರು ಕೀ ಹುಡುಕುತ್ತ ಕೂತಿದ್ದರು.

ಕೀ ಸಿಗದೇ ಇದ್ದರೆ? ಒಳಗಿನ ಫೋಟೋ, ಕಡತಗಳ ಆಸೆ ಬಿಡಬೇಕು. ಆದರೆ ಡಿಸ್ಕನ್ನು ಪೂರ್ತಿ ಅಳಿಸಿ ವಿಂಡೋಸ್ ಹಾಕಿಕೊಂಡರೆ ಯಂತ್ರ ಬಳಕೆಗೆ ಬರುತ್ತದೆ. ಅದು ಕಂಪನಿಯ ಪಟ್ಟಿಯಲ್ಲಿ ಇಲ್ಲದಿದ್ದರೆ ಮಾತ್ರ.

ಫಾರ್ಮ್ಯಾಟ್ ಮಾಡಿದರೂ ಮರಳಿ ಬರುವ ಕಂಪನಿ ಹೆಸರು

ಹೆಚ್ಚಿನವರು ಮೋಸ ಹೋಗುವುದು ಇಲ್ಲೇ. ಹೊಸದಾಗಿ ವಿಂಡೋಸ್ ಹಾಕಿ, ವೈಫೈ ಕೊಟ್ಟು, ಭಾಷೆ, ಕೀಬೋರ್ಡ್ ಎಲ್ಲ ಆರಿಸಿದ ಮೇಲೆ ‘ವೆಲ್‌ಕಮ್’ ಎಂದು ಒಂದು ಕಂಪನಿಯ ಹೆಸರೋ ಲಾಂಛನವೋ ಬಂದು ಆ ಕಂಪನಿಯ ಇಮೇಲ್ ಕೇಳುತ್ತದೆ. ಪೆನ್‌ಡ್ರೈವ್ ಬದಲಿಸಿ ಇನ್ನೊಮ್ಮೆ ಹಾಕಿದರೂ ಅದೇ ಹೆಸರು.

ಕಾರಣ ವಿಂಡೋಸ್ ಆಟೋಪೈಲಟ್. ಮೈಕ್ರೋಸಾಫ್ಟ್ ಇದನ್ನು 2017ರಲ್ಲಿ ಕಂಪನಿಗಳ ಅನುಕೂಲಕ್ಕೆಂದು ತಂದಿತು. ನೂರಾರು ಲ್ಯಾಪ್‌ಟಾಪ್ ಕೊಳ್ಳುವ ಕಂಪನಿ ಒಂದೊಂದನ್ನೂ ಬಿಚ್ಚಿ ಸೆಟಪ್ ಮಾಡುವ ಬದಲು, ಪ್ರತಿ ಯಂತ್ರದ ಗುರುತನ್ನು ಮೈಕ್ರೋಸಾಫ್ಟ್ ಸರ್ವರ್‌ನಲ್ಲಿ ತನ್ನ ಹೆಸರಿಗೆ ನೋಂದಾಯಿಸುತ್ತದೆ. ಸೀರಿಯಲ್ ನಂಬರ್ ಸೇರಿ ಒಳಗಿನ ಬಿಡಿಭಾಗಗಳ ವಿವರದಿಂದ ಆ ಗುರುತು ತಯಾರಾಗುತ್ತದೆ. ಯಂತ್ರ ಸೆಟಪ್ ಸಮಯದಲ್ಲಿ ಇಂಟರ್ನೆಟ್‌ಗೆ ಸೇರಿದ ಕೂಡಲೇ ‘ನಾನು ಯಾರ ಯಂತ್ರ?’ ಎಂದು ಸರ್ವರನ್ನು ಕೇಳುತ್ತದೆ, ಸರ್ವರ್ ಕಂಪನಿಯ ಹೆಸರು ಹೇಳುತ್ತದೆ. ಜಮೀನಿನ ಬೇಲಿ ಕಿತ್ತರೆ ಪಹಣಿಯಲ್ಲಿ ಹೆಸರು ಬದಲಾಗುವುದಿಲ್ಲವಲ್ಲ, ಹಾಗೆ. ಖಾತೆ ಬದಲಾವಣೆ ಅರ್ಜಿ ಕೊಡಬೇಕಾದವರು ಹಳೆ ಖಾತೆದಾರರು.

ಇದರಲ್ಲೊಂದು ಸೂಕ್ಷ್ಮವಿದೆ. ಈ ಪ್ರಶ್ನೆ ಎದ್ದು ಕಾಣುವುದು ಸೆಟಪ್ ಹೊತ್ತಿನಲ್ಲಿ. ಯಾರಾದರೂ ನೆಟ್ ಇಲ್ಲದೆ ಸೆಟಪ್ ಮುಗಿಸಿ ಮಾರಿದ್ದರೆ ಕೊಂಡವರಿಗೆ ತಿಂಗಳುಗಟ್ಟಲೆ ಏನೂ ಗೊತ್ತಾಗದಿರಬಹುದು. ಮುಂದೆ ಎಂದೋ ನಿಧಾನವಾಯಿತೆಂದು ರೀಸೆಟ್ ಮಾಡಿದ ದಿನ ಕಂಪನಿಯ ಹೆಸರು ಎದ್ದು ನಿಲ್ಲುತ್ತದೆ. ಅಷ್ಟರಲ್ಲಿ ಅಂಗಡಿಯವರ ವಾಯಿದೆ ಮುಗಿದಿರುತ್ತದೆ. ವಿಡಿಯೋಗಳಲ್ಲಿ ‘ಲಾಕ್ ಹೋಯಿತು’ ಎಂದು ತೋರಿಸುವುದರಲ್ಲಿ ಎಷ್ಟೋ ಇಂಥವೇ. ಬೀಗ ಹೋಗಿರುವುದಿಲ್ಲ, ಕಣ್ಣಿಗೆ ಮರೆಯಾಗಿರುತ್ತದೆ.

ಆಪಲ್ ಮ್ಯಾಕ್‌ಗಳಲ್ಲಿ ಇಂಥ ಬೀಗ ಎರಡು. ಒಂದು ಆಕ್ಟಿವೇಶನ್ ಲಾಕ್. 2013ರಲ್ಲಿ ಐಫೋನ್‌ಗೆ ಬಂದ ಇದು, 2019ರ ಕ್ಯಾಟಲಿನಾ ಆವೃತ್ತಿಯಿಂದ ಟಿ2 ಚಿಪ್ ಇರುವ ಮ್ಯಾಕ್‌ಗಳಿಗೂ ಬಂತು. ಹಳಬರು ತಮ್ಮ ಐಕ್ಲೌಡ್ ಅಕೌಂಟ್‌ಗೆ ಎಲ್ಲಿಂದಲಾದರೂ ಲಾಗಿನ್ ಆಗಿ ಆ ಮ್ಯಾಕನ್ನು ಪಟ್ಟಿಯಿಂದ ತೆಗೆದರೆ ಸಾಕು, ಊರಿಗೆ ಬರಬೇಕಿಲ್ಲ. ಇನ್ನೊಂದು ‘ರಿಮೋಟ್ ಮ್ಯಾನೇಜ್‌ಮೆಂಟ್’ ಎಂದು ಬರುವ ಪರದೆ. ಅದು ಕಂಪನಿಯದು, ಆಪಲ್ ಬಿಸಿನೆಸ್ ಮ್ಯಾನೇಜರ್‌ನಿಂದ ಕಂಪನಿಯೇ ಬಿಡುಗಡೆ ಮಾಡಬೇಕು. ಶಾಲೆ, ಕಂಪನಿಗಳ ಕ್ರೋಮ್‌ಬುಕ್‌ಗಳಲ್ಲೂ ಇದೇ ಕಥೆ. ಅಳಿಸಿದರೂ ಮತ್ತೆ ಅದೇ ಸಂಸ್ಥೆಯ ಲಾಗಿನ್ ಕೇಳುವಂತೆ ಹೊಂದಿಸಿರುತ್ತಾರೆ.

ಬ್ಯಾಟರಿ ಕಿತ್ತರೆ?

ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ, ವಿಂಡೋಸ್ ಬರುವುದಕ್ಕೂ ಮುಂಚೆ ಕಪ್ಪು ಪರದೆಯಲ್ಲಿ ಪಾಸ್‌ವರ್ಡ್ ಕೇಳಿದರೆ ಅದು ಬಯೋಸ್ ಪಾಸ್‌ವರ್ಡ್. ಹಳೆ ಡೆಸ್ಕ್‌ಟಾಪ್‌ಗಳಲ್ಲಿ ನಾಣ್ಯದಂಥ ಬ್ಯಾಟರಿ ಕಿತ್ತು ಸ್ವಲ್ಪ ಹೊತ್ತು ಬಿಟ್ಟರೆ ಇದು ಅಳಿಸಿಹೋಗುತ್ತಿತ್ತು. ಫಾರ್ವರ್ಡ್ ಹುಟ್ಟಿದ್ದು ಆ ಕಾಲದ ಅನುಭವದಿಂದ. ಇಂದಿನ ಬಿಸಿನೆಸ್ ಲ್ಯಾಪ್‌ಟಾಪ್‌ಗಳಲ್ಲಿ ಪಾಸ್‌ವರ್ಡ್ ವಿದ್ಯುತ್ ಇಲ್ಲದಿದ್ದರೂ ಉಳಿಯುವ ಚಿಪ್‌ನಲ್ಲಿರುತ್ತದೆ. ಲೆನೊವೊ ಥಿಂಕ್‌ಪ್ಯಾಡ್‌ನ ಸೂಪರ್‌ವೈಸರ್ ಪಾಸ್‌ವರ್ಡ್ ಮರೆತರೆ ಮದರ್‌ಬೋರ್ಡನ್ನೇ ಬದಲಿಸಬೇಕು ಎಂದು ಆ ಕಂಪನಿಯ ಕೈಪಿಡಿಯೇ ಹೇಳುತ್ತದೆ. ಬ್ಯಾಟರಿ ಕೀಳುವ ಭರದಲ್ಲಿ ರಿಬ್ಬನ್ ಕೇಬಲ್ ಹರಿದರೆ ಅದರ ಖರ್ಚು ಬೇರೆ.

ಸೊಸೈಟಿ, ಪಂಚಾಯಿತಿ ಲ್ಯಾಪ್‌ಟಾಪ್ ಆದರೆ

ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಕಂಪ್ಯೂಟರೀಕರಣ ಮಾಡುವ ಯೋಜನೆಗೆ ಕೇಂದ್ರ ಸರ್ಕಾರ 2022ರ ಜೂನ್ 29ರಂದು ಒಪ್ಪಿಗೆ ಕೊಟ್ಟಿತು. ಆಗಿನ ಲೆಕ್ಕ 63,000 ಸಂಘಗಳು, 2,516 ಕೋಟಿ ರೂಪಾಯಿ. ಪಂಚಾಯಿತಿಗಳಲ್ಲಿ ಪಂಚತಂತ್ರ, ಇ-ಸ್ವತ್ತು ತಂತ್ರಾಂಶಗಳು ಅದಕ್ಕೂ ಹಿಂದಿನಿಂದ ಇವೆ. ಹಾಲಿನ ಡೇರಿಯ ಲೆಕ್ಕವೂ ಈಗ ಕಂಪ್ಯೂಟರ್‌ನಲ್ಲೇ. ಹೀಗಿರುವಾಗ ಕಾರ್ಯದರ್ಶಿ ನಿವೃತ್ತರಾದರು ಅಥವಾ ವರ್ಗವಾದರು ಎಂದುಕೊಳ್ಳಿ. ಲ್ಯಾಪ್‌ಟಾಪ್ ಮೊದಲ ದಿನ ಆನ್ ಆದಾಗ ಅವರದೇ ಜಿಮೇಲ್ ಹಾಕಿ ಸೆಟಪ್ ಮಾಡಿದ್ದರು. ಈಗ ಹೊಸಬರ ಕೈಯಲ್ಲಿ ಯಂತ್ರ ಇದೆ, ಓಟಿಪಿ ಮಾತ್ರ ಹಳಬರ ಮೊಬೈಲ್‌ಗೆ ಹೋಗುತ್ತದೆ. ಮಾರನೆಯ ದಿನ ರೈತರಿಗೆ ಬಟವಾಡೆ ಕೊಡಬೇಕು.

ಇಂಥ ಕಡೆ ಕೇಳಿಬರುವ ಸಲಹೆ ‘ಹಳೇ ಸಾಹೇಬರ ಪಾಸ್‌ವರ್ಡ್ ಗೊತ್ತಲ್ಲ, ಅದರಲ್ಲೇ ನಡೆಸಿ’ ಎನ್ನುವುದು. ಕೆಲಸ ನಡೆಯುತ್ತದೆ ನಿಜ. ಆದರೆ ಕಡತದಲ್ಲಿ ಉಳಿಯುವುದು ನಿವೃತ್ತರಾದವರ ಹೆಸರು. ನಾಳೆ ಲೆಕ್ಕ ತಪ್ಪಿದರೆ ಉತ್ತರ ಕೊಡಬೇಕಾಗಿ ಬರುವುದೂ ಅವರಿಗೇ. ಡಿಜಿಟಲ್ ಸಹಿಯ ಡೋಂಗಲ್ ವಿಷಯದಲ್ಲಂತೂ ಇದು ಇನ್ನೂ ಗಂಭೀರ. ಬೇರೆಯವರ ಎಲೆಕ್ಟ್ರಾನಿಕ್ ಸಹಿ ಅಥವಾ ಪಾಸ್‌ವರ್ಡನ್ನು ವಂಚನೆಯಿಂದ ಇಲ್ಲವೇ ಅಪ್ರಾಮಾಣಿಕವಾಗಿ ಬಳಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 66ಸಿ ಕಲಂ ಪ್ರಕಾರ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ.

ಸರಿಯಾದ ದಾರಿ ಅಷ್ಟೇನೂ ಕಷ್ಟದ್ದಲ್ಲ. ಚಾರ್ಜ್ ಕೊಡುವ ದಿನ ಬೀರುವಿನ ಬೀಗದ ಕೈ, ರಿಜಿಸ್ಟರ್‌ಗಳ ಜೊತೆ ಲ್ಯಾಪ್‌ಟಾಪನ್ನೂ ಇಬ್ಬರೂ ಎದುರಿಗಿಟ್ಟುಕೊಂಡು ತೆರೆಯಲಿ. ಕಚೇರಿಯ ಹೆಸರಿನ ಅಕೌಂಟ್‌ಗೆ ಅಡ್ಮಿನಿಸ್ಟ್ರೇಟರ್ ಅಧಿಕಾರ ಕೊಡಲಿ. ಅದರಿಂದ ಲಾಗಿನ್ ಆಗುತ್ತದೆಯೇ ಎಂದು ನೋಡಿದ ಮೇಲಷ್ಟೇ ಹಳಬರ ಅಕೌಂಟ್ ತೆಗೆಯಲಿ, ಈ ಕ್ರಮ ತಿರುಗುಮುರುಗಾದರೆ ಇಬ್ಬರೂ ಹೊರಗೇ ಉಳಿಯುತ್ತಾರೆ. ಬಿಟ್‌ಲಾಕರ್ ಕೀಯನ್ನು ಮುದ್ರಿಸಿ ಚಾರ್ಜ್ ಪಟ್ಟಿಯ ಜೊತೆ ಲಕೋಟೆಯಲ್ಲಿಟ್ಟು ಬೀರುವಿಗೆ ಹಾಕಲಿ. ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಇಡುವವರೂ ಇದ್ದಾರೆ, ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಅಲ್ಲೇ ನೇತುಹಾಕಿದ ಹಾಗೆ. ಇಲಾಖೆಯ ತಂತ್ರಾಂಶದ ಲಾಗಿನ್ ಬೇರೆ ವಿಷಯ, ಅದನ್ನು ಮೇಲಧಿಕಾರಿಗಳ ಮೂಲಕ ಹೊಸಬರ ಹೆಸರಿಗೆ ಮಾಡಿಸಿಕೊಳ್ಳಬೇಕು.

ಹಳಬರು ತೀರಿಹೋಗಿದ್ದರೆ ಅಥವಾ ಸಿಗುತ್ತಿಲ್ಲವಾದರೆ ಯಂತ್ರ ಕಚೇರಿಯದೆಂದು ತೋರಿಸುವ ಖರೀದಿ ಬಿಲ್ಲು ಹುಡುಕಿ. ಆಕ್ಟಿವೇಶನ್ ಲಾಕ್ ತೆಗೆಯಲು ಆಪಲ್ ಕೇಳುವುದೂ ಮೂಲ ಖರೀದಿ ದಾಖಲೆಯನ್ನೇ.

ಕೊಳ್ಳುವ ಮುನ್ನ ಅಂಗಡಿಯಲ್ಲೇ ನೋಡಬೇಕಾದದ್ದು

ಒಂದೇ ಒಂದು ಪರೀಕ್ಷೆ ಮಾಡುವುದಿದ್ದರೆ ಇದನ್ನು ಮಾಡಿ. ಅಂಗಡಿಯವರನ್ನು ಕೇಳಿಕೊಂಡು ಅವರ ಎದುರಿಗೇ ‘ರೀಸೆಟ್ ದಿಸ್ ಪಿಸಿ’ ಕೊಡಿಸಿ, ನಿಮ್ಮ ಮೊಬೈಲ್‌ನ ಹಾಟ್‌ಸ್ಪಾಟ್ ಹಾಕಿ ಸೆಟಪ್ ಶುರು ಮಾಡಿ. ವೈಯಕ್ತಿಕ ಬಳಕೆಗೋ ಕಚೇರಿ ಅಥವಾ ಶಾಲೆಯ ಬಳಕೆಗೋ ಎಂದು ಆಯ್ಕೆ ಕೇಳಿದರೆ ಒಳ್ಳೆಯ ಲಕ್ಷಣ. ನೇರವಾಗಿ ಒಂದು ಸಂಸ್ಥೆಯ ಹೆಸರು ಬಂದರೆ ಲ್ಯಾಪ್‌ಟಾಪ್ ಮೇಜಿನ ಮೇಲಿಟ್ಟು ಎದ್ದು ಬನ್ನಿ. ಮುಕ್ಕಾಲು ಗಂಟೆ, ಒಂದು ಗಂಟೆ ಹಿಡಿಯಬಹುದು. ‘ಅಷ್ಟು ಹೊತ್ತು ಎಲ್ಲಿ ಸಾರ್’ ಎಂದು ರಾಗ ಎಳೆದರೆ, ‘ನೆಟ್ ಆಮೇಲೆ ಹಾಕಿಕೊಳ್ಳಿ’ ಎಂದರೆ ಅದೂ ಒಂದು ಉತ್ತರವೇ.

ಅಷ್ಟು ಸಮಯವಿಲ್ಲದಿದ್ದರೆ ವಿಂಡೋಸ್ ಸೆಟ್ಟಿಂಗ್ಸ್‌ನ ಅಕೌಂಟ್ಸ್‌ನಲ್ಲಿ ‘ಆಕ್ಸೆಸ್ ವರ್ಕ್ ಆರ್ ಸ್ಕೂಲ್’ ಎಂಬಲ್ಲಿ ಯಾವುದಾದರೂ ಸಂಸ್ಥೆಯ ಹೆಸರಿದೆಯೇ ನೋಡಿ. ಇಲ್ಲಿ ಖಾಲಿ ಇದ್ದ ಮಾತ್ರಕ್ಕೆ ನಿಶ್ಚಿಂತೆ ಅಲ್ಲ ಎನ್ನುವುದು ಮೇಲಿನ ಆಟೋಪೈಲಟ್ ಕಥೆ ಓದಿದವರಿಗೆ ಗೊತ್ತಾಗುತ್ತದೆ. ಮ್ಯಾಕ್‌ನಲ್ಲಿ ಸಿಸ್ಟಮ್ ಇನ್ಫರ್ಮೇಶನ್ ತೆರೆದು ಹಾರ್ಡ್‌ವೇರ್ ವಿಭಾಗದಲ್ಲಿ ‘ಆಕ್ಟಿವೇಶನ್ ಲಾಕ್ ಸ್ಟೇಟಸ್’ ನೋಡಬಹುದು. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಯಂತ್ರದ ತಳದ ಚೀಟಿಯ ನಂಬರ್‌ಗೆ ಅದು ತಾಳೆಯಾಗಬೇಕು. ಬಿಲ್ಲು ಕೊಡಲ್ಲ ಎನ್ನುವವರ ಬಳಿ ಎಷ್ಟು ಅಗ್ಗವಾದರೂ ಬೇಡ ಎನ್ನುವುದು ನಮ್ಮ ಅಭಿಪ್ರಾಯ.

ಕೊಂಡಾಗಿದೆ, ಲಾಕ್ ಬಂದಿದೆ. ಈಗ?

ಮೊದಲು ಮಾರಿದವರ ಬಳಿ ಹೋಗಿ. ಕಂಪನಿಯಿಂದ ಸರಿಯಾಗಿ ಹರಾಜಿನಲ್ಲಿ ಕೊಂಡ ವ್ಯಾಪಾರಿಯಾದರೆ ಅವರ ಬಳಿ ದಾಖಲೆ ಇರುತ್ತದೆ, ಕಂಪನಿಗೆ ಹೇಳಿ ಬಿಡಿಸಿಕೊಡಬಹುದು. ಕಂಪನಿಗಳು ಹಳೆ ಯಂತ್ರ ಮಾರುವಾಗ ಪಟ್ಟಿಯಿಂದ ತೆಗೆಯಲು ಮರೆಯುವುದೂ ಉಂಟು, ಎಲ್ಲ ಲಾಕ್ ಆದ ಯಂತ್ರವೂ ಕಳವಿನದಲ್ಲ.

ನೀವೇ ಕಂಪನಿಗೆ ಬರೆಯಬಹುದು. ಪರದೆಯಲ್ಲಿ ಕಾಣುವ ಹೆಸರಿನ ಕಂಪನಿಯ ಅಧಿಕೃತ ವೆಬ್‌ಸೈಟ್‌ನ ವಿಳಾಸಕ್ಕೆ ನಾಲ್ಕು ಸಾಲು ಸಾಕು: ಈ ಸೀರಿಯಲ್ ನಂಬರ್‌ನ ಯಂತ್ರವನ್ನು ಇಂಥ ದಿನ ಇಂಥವರಿಂದ ಕೊಂಡೆ, ಬಿಲ್ಲು ಮತ್ತು ಪರದೆಯ ಫೋಟೋ ಇದರೊಂದಿಗಿದೆ, ಯಂತ್ರ ನೀವು ಮಾರಿದ್ದೇ ಆಗಿದ್ದರೆ ಆಟೋಪೈಲಟ್‌ನಿಂದ ಡಿರಿಜಿಸ್ಟರ್ ಮಾಡಿಕೊಡಿ, ಇಲ್ಲವಾದರೆ ಹಿಂತಿರುಗಿಸುವ ದಾರಿ ತಿಳಿಸಿ. ಈ ಕಡೆಯ ವಾಕ್ಯ ಬಿಡಬೇಡಿ. ಯಂತ್ರ ಕಳವಿನದೆಂದು ಗೊತ್ತಿದ್ದೂ ಇಟ್ಟುಕೊಳ್ಳುವುದು ಐಟಿ ಕಾಯ್ದೆಯ 66ಬಿ ಕಲಂ ಪ್ರಕಾರ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದಾದ ಅಪರಾಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮ್ಮೂ ಕಳವು ಮಾಲನ್ನು ಸ್ವೀಕರಿಸುವುದರ ಬಗ್ಗೆಯೇ ಇದೆ. ನೀವು ಪ್ರಾಮಾಣಿಕವಾಗಿ ಕೊಂಡವರು ಎಂದು ತೋರಿಸಲು ಆ ಪತ್ರವೂ ಬಿಲ್ಲೂ ಉಪಯೋಗಕ್ಕೆ ಬರುತ್ತವೆ.

ಕೆಲಸ ಬಿಟ್ಟ ಮೇಲೂ ಕಂಪನಿ ಲ್ಯಾಪ್‌ಟಾಪ್ ಮನೆಯಲ್ಲೇ ಉಳಿದಿದ್ದರೆ ಅದನ್ನು ಬಿಚ್ಚಿಸುವ ಯೋಚನೆ ಬೇಡ. ಅದು ಕಂಪನಿಯ ಸ್ವತ್ತು. ಕೊರಿಯರ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ.

ಆನ್‌ಲೈನ್‌ನಲ್ಲಿ ‘ಹಣ ಕೊಟ್ಟರೆ ಅನ್‌ಲಾಕ್’ ಎನ್ನುವವರ ಬಗ್ಗೆ ಒಂದು ಮಾತು. ಅವರು ಮೊದಲು ಎನಿಡೆಸ್ಕ್‌ನಂಥ ಆ್ಯಪ್ ಹಾಕಿಸಿ ನಿಮ್ಮ ಫೋನನ್ನೇ ನೋಡಲು ಕೇಳಿದರೆ ಹುಷಾರು. ಲಾಕ್ ಆಗಿರುವುದು ಲ್ಯಾಪ್‌ಟಾಪ್, ಬ್ಯಾಂಕ್ ಆ್ಯಪ್ ಇರುವುದು ಫೋನಿನಲ್ಲಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಮಂಡ್ಯದ ಸೆನ್ ಪೊಲೀಸ್ ಠಾಣೆಗೂ ದೂರು ಕೊಡಬಹುದು.

‘ಸಂಚಾರ್ ಸಾಥಿಯಲ್ಲಿ ಲ್ಯಾಪ್‌ಟಾಪ್ ನಂಬರ್ ಹಾಕಿ ಕಳವಿನದೋ ನೋಡಿ’ ಎಂಬ ಸಂದೇಶವನ್ನೂ ನಂಬಬೇಕಿಲ್ಲ. ಆ ಪೋರ್ಟಲ್‌ನ ಸಿಇಐಆರ್ ವ್ಯವಸ್ಥೆ ಮೊಬೈಲ್‌ಗಳ 15 ಅಂಕಿಯ ಐಎಂಇಐ ನಂಬರ್ ಮೇಲೆ ನಡೆಯುತ್ತದೆ. ಸಿಮ್ ಹಾಕುವ ಜಾಗವಿರುವ ಕೆಲವನ್ನು ಬಿಟ್ಟರೆ ಲ್ಯಾಪ್‌ಟಾಪ್‌ಗೆ ಐಎಂಇಐ ಇರುವುದಿಲ್ಲ. ತಯಾರಕರ ಸಪೋರ್ಟ್ ಪುಟದಲ್ಲಿ ಸೀರಿಯಲ್ ನಂಬರ್ ಹಾಕಿದರೆ ವಾರಂಟಿ ಯಾವಾಗ ಮುಗಿಯುತ್ತದೆ ಎಂಬುದು ಸಿಗುತ್ತದೆ, ಕಳವಿನ ಮಾಹಿತಿ ಅಲ್ಲ. ವಾರಂಟಿ ಇನ್ನೂ ಎರಡು ವರ್ಷ ಬಾಕಿ ಇರುವ ಕಂಪನಿ ಯಂತ್ರ ಕಾಲು ಬೆಲೆಗೆ ಸಿಗುತ್ತಿದೆ ಎಂದರೆ ಅದು ಅಲ್ಲಿಗೆ ಹೇಗೆ ಬಂತು ಎಂದು ಮಾರುವವರನ್ನೇ ಕೇಳಿ.